ಕ್ಯಾಂಕಮಾಗಸ್ ರಸ್ತೆಯಲ್ಲಿ ಅಮ್ಮ ಕಂಡ ದರಗು

ತೀರ್ಥಹಳ್ಳಿಯಿಂದ ಅಮ್ಮ ಬಂದು ಮೂರು ವಾರವಾಗಿತ್ತು. ಬಾಸ್ಟನ್ನಿನ ಬಂದರು, ಮ್ಯೂಸಿಯಂ, ಹಾರ್ವರ್ಡ್ ಎಲ್ಲ ತೋರಿಸಿ ಆಗಿತ್ತು. ಯಾವುದಕ್ಕೂ "ಚೆನ್ನಾಗಿದೆ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಎಲೆಯ ಬಣ್ಣ ನೋಡೋಕೆ ಇನ್ನೂರು ಕಿಲೋಮೀಟರ್ ಹೋಗೋಣ ಅಂದಾಗ ಮಾತ್ರ ನಕ್ಕಳು. "ದರಗು ನೋಡೋಕೆ ಅಷ್ಟು ದೂರ ಹೋಗ್ತಾರೇನೆ?" ದರಗು ಅಂದರೆ ನಮ್ಮ ಕಡೆ ಉದುರಿದ ಒಣ ಎಲೆ.

ಅಕ್ಟೋಬರಿನ ಎರಡನೇ ಸೋಮವಾರ ಇಲ್ಲಿ ರಜೆ. ಅದಕ್ಕೆ ಅಂಟಿಕೊಂಡ ಶನಿವಾರವೇ ಹೊರಟೆವು. ಅದು ಮೊದಲ ತಪ್ಪು. ನ್ಯೂ ಹ್ಯಾಂಪ್‌ಶೈರಿನ ಲಿಂಕನ್ ಊರು ತಲುಪುವಷ್ಟರಲ್ಲಿ ಅರ್ಧ ಬಾಸ್ಟನ್ ನಮ್ಮ ಮುಂದೆಯೇ ಇತ್ತು. ಎರಡನೇ ತಪ್ಪು ಇವರದ್ದು. ಪೆಟ್ರೋಲ್ ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. "ಕಾನ್ವೇವರೆಗೆ 55 ಕಿಲೋಮೀಟರ್ ತಾನೇ, ಆ ಕಡೆ ಹಾಕಿಸಿದರಾಯ್ತು" ಅಂದರು. ನಾನೂ ಹೂಂ ಅಂದೆ.

ಲಿಂಕನ್‌ನಿಂದ ಕಾನ್ವೇ ಊರಿನವರೆಗಿನ ಈ ಕ್ಯಾಂಕಮಾಗಸ್ ರಸ್ತೆ ವೈಟ್ ಮೌಂಟನ್ ಕಾಡಿನ ನಡುವೆ ಹೋಗುತ್ತದೆ. ಬಂಕ್ ಇಲ್ಲ, ಹೋಟೆಲ್ ಇಲ್ಲ, ಬಹುಪಾಲು ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಕ್ಯಾಂಕಮಾಗಸ್ ಅನ್ನುವುದು ಹದಿನೇಳನೇ ಶತಮಾನದ ಪೆನಕುಕ್ ಎಂಬ ಮೂಲನಿವಾಸಿ ಜನರ ಒಬ್ಬ ನಾಯಕನ ಹೆಸರು. ಪೂರ್ತಿ ರಸ್ತೆ ವಾಹನಗಳಿಗೆ ತೆರೆದದ್ದು 1959ರಲ್ಲಿ. ಒಂದು ಹೇರ್‌ಪಿನ್ ತಿರುವು ಇದೆ, ಅದರ ಫೋಟೋ ತೆಗೆಯಲು ಜನ ನುಗ್ಗುತ್ತಿದ್ದರು. ಆಗುಂಬೆಯ 14 ತಿರುವು ಹತ್ತಿಳಿದು ಬೆಳೆದವಳು ನಾನು. ರಸ್ತೆಯ ಮಟ್ಟಿಗೆ ಹೇಳುವುದಾದರೆ ಇದು ಘಾಟಿಯೇ ಅಲ್ಲ.

ಆದರೆ ತಿರುವು ದಾಟಿ ಮೇಲೆ ಬಂದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಫೋಟೋದಲ್ಲಿ ಎಷ್ಟೋ ಸಲ ನೋಡಿದ್ದೆ. ಬಣ್ಣ ಜಾಸ್ತಿ ಮಾಡಿ ಹಾಕಿರುತ್ತಾರೆ ಅಂತ ಅಂದುಕೊಂಡಿದ್ದೆ. ಹಾಗೇನಿಲ್ಲ. ಮೇಪಲ್ ಕುಂಕುಮದ ಕೆಂಪು, ಬರ್ಚ್ ಮರಗಳು ಅರಿಶಿನ, ನಡುನಡುವೆ ಕಪ್ಪುಹಸಿರು ಸ್ಪ್ರೂಸ್. ಮೋಡ ಸರಿದಾಗಲೆಲ್ಲ ಗುಡ್ಡದ ಒಂದೊಂದು ಮಗ್ಗುಲು ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತಿತ್ತು.

ರಸ್ತೆ ಗುಡ್ಡಸಾಲು ದಾಟುವ ಪಾಸ್ ಹತ್ತಿರ, ಸುಮಾರು 870 ಮೀಟರ್ ಎತ್ತರದಲ್ಲಿ, ಕಾರು ನಿಲ್ಲಿಸಿದೆವು. ಅಮ್ಮ ಶಾಲು ಹೊದ್ದು ಇಳಿದಳು. ಎಲ್ಲರೂ ಗುಡ್ಡ ನೋಡುತ್ತಿದ್ದರೆ ಅವಳು ಬಗ್ಗಿ ನೆಲ ನೋಡುತ್ತಿದ್ದಳು.

"ಇಷ್ಟು ದರಗು ಯಾರೂ ಗುಡಿಸೋದಿಲ್ವಾ?"

"ಕಾಡಲ್ವಾ ಅಮ್ಮ, ಯಾರು ಗುಡಿಸ್ತಾರೆ?"

"ಕಾಡಾದ್ರೇನು? ನಮ್ಮ ಸೊಪ್ಪಿನಬೆಟ್ಟನೂ ಕಾಡೇ. ನಾನು, ನಿನ್ನ ಚಿಕ್ಕಿ ಬೆಳಗ್ಗೆ ಹೋದ್ರೆ ಮಧ್ಯಾಹ್ನದೊಳಗೆ ಹತ್ತು ಹೆಡಿಗೆ ಒಟ್ಟುತ್ತಿದ್ವಿ. ಕೊಟ್ಟಿಗೆಗೆ ಹಾಸಿದ್ರೆ ಗೊಬ್ಬರ. ಇಲ್ಲಿ ಸುಮ್ನೆ ಕೊಳೀತಾ ಇದೆ."

ಒಂದು ಕೆಂಪೆಲೆ ಎತ್ತಿ ಬೆಳಕಿಗೆ ಹಿಡಿದಳು. ಇದು ಒಣಗಿಲ್ಲವಲ್ಲ, ಯಾಕೆ ಉದುರಿತು ಅಂತ ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಮರ ಎಲೆಗೆ ನೀರು ಕೊಡುವ ದಾರಿ ಮುಚ್ಚುತ್ತದೆ. ಹಸಿರು ಕರಗುತ್ತದೆ. ಹಳದಿ ಮೊದಲಿನಿಂದಲೂ ಒಳಗೇ ಇರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ. ಕೆಂಪು ಮಾತ್ರ ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ಹುಟ್ಟುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಇನ್ನೂ ಚೆನ್ನಾಗಿ ಬರುತ್ತದೆ.

"ಉದುರೋ ಎಲೆಗೆ ಹೊಸ ಬಣ್ಣನಾ?"

"ಹೂಂ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮಲ್ಲಿ ಮಾವು ಚಿಗುರುವಾಗ ಇದೇ ಕೆಂಪು ಅಲ್ವೇನೆ? ನಾಗಸಂಪಿಗೆ ಚಿಗುರೂ ಹೀಗೇ. ನಿಮ್ಮಪ್ಪ ತೀರಿಹೋದ ವರ್ಷ ಮನೆ ಮುಂದಿನ ಮಾವು ಇಡೀ ಕೆಂಪಾಗಿತ್ತು. ಯಾರೂ ನೋಡಿರಲಿಲ್ಲ."

ನಾನೂ ನೋಡಿರಲಿಲ್ಲ. ಹನ್ನೊಂದನೇ ದಿನದ ಅಡುಗೆಗೆ ಪಾತ್ರೆ ಲೆಕ್ಕ ಹಾಕುತ್ತಾ ಆ ಮರದ ಕೆಳಗೇ ನಿಂತಿದ್ದೆ. ಮಾವಿನ ಚಿಗುರಿನ ಕೆಂಪೂ ಈ ಮೇಪಲ್ಲಿನ ಕೆಂಪೂ ಆಂಥೋಸಯನಿನ್ ಎಂಬ ಒಂದೇ ಬಗೆಯ ಬಣ್ಣ ಅಂತ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಚಳಿಗೆ ಕಾರು ಹತ್ತಿದೆವು.

ಆಮೇಲಿನದ್ದರಲ್ಲಿ ಹೇಳುವಂಥದ್ದು ಕಡಿಮೆ. ಸಬ್ಬಡೇ ಜಲಪಾತದ ಪಾರ್ಕಿಂಗ್ ತುಂಬಿತ್ತು, ಬಿಟ್ಟೆವು. 1858ರ ಆಲ್ಬನಿ ಮುಚ್ಚುಸೇತುವೆಯನ್ನು (ಮೇಲೆ ಚಾವಣಿ ಇರುವ ಮರದ ಸೇತುವೆ) ಕಾರಿನಿಂದಲೇ ನೋಡಿದೆವು. ಯಾಕೆಂದರೆ ಅಷ್ಟರಲ್ಲಿ ಪೆಟ್ರೋಲ್ ದೀಪ ಹತ್ತಿತ್ತು. ಆಮೆನಡಿಗೆಯ ಸಾಲಿನಲ್ಲಿ ನಿಂತು ನಿಂತು ಪೆಟ್ರೋಲ್ ಸುಟ್ಟಿದ್ದೇ ಜಾಸ್ತಿ. ಹೀಟರ್ ಆರಿಸಿ, ಸ್ವಿಫ್ಟ್ ಹೊಳೆಯ ಬದಿಯಲ್ಲಿ ಇಳಿಜಾರನ್ನೇ ನಂಬಿ ಬಂದೆವು. ನೀವು ಹೋಗುವುದಾದರೆ ಲಿಂಕನ್ನಿನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ, ವಾರದ ನಡುವೆ ಹೋಗಿ. ಗಂಡ "ಆ ಕಡೆ ಹಾಕಿಸೋಣ" ಅಂದರೆ ಕೇಳಬೇಡಿ.

ಕಾನ್ವೇಯಲ್ಲಿ ಮೇಪಲ್ ಸಿರಪ್ ಕೊಂಡೆವು. ಮೇಪಲ್ ಮರದ 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಬರುತ್ತದೆ ಎಂದಾಗ ಅಮ್ಮ ಆಲೆಮನೆ ಕಂಡವಳಂತೆ ತಲೆಯಾಡಿಸಿದಳು. ಬೆರಳಿಗೆ ಹಚ್ಚಿ ನೆಕ್ಕಿ, "ಜೋನಿ ಬೆಲ್ಲದಷ್ಟಿಲ್ಲ" ಅಂದಳು.

ಬಂಕಿನಲ್ಲಿ ಇವರು ಪೆಟ್ರೋಲ್ ಹಾಕಿಸುವಾಗ ಹಿಂದಿನ ಸೀಟಿನಲ್ಲಿ ಅಮ್ಮ ಇರಲಿಲ್ಲ. ಆಚೆ ಬೇಲಿ ಪಕ್ಕ ಪ್ಲಾಸ್ಟಿಕ್ ಕವರ್ ಹಿಡಿದು ದರಗು ತುಂಬುತ್ತಿದ್ದಳು. ಮನೆಯೊಳಗೆ ತಂದಿಟ್ಟ ಕರಿಬೇವಿನ ಕುಂಡಕ್ಕಂತೆ.