ಲಿಸ್ಬನ್ನಿನ ಮೆಟ್ಟಿಲು, ಎದುರುಮನೆಯ ಅಜ್ಜಿ

ನಮ್ಮವರು ಬಿದ್ದದ್ದು ಜೂನ್ 7ರ ಸಂಜೆ. ಲಿಸ್ಬನ್ನಿನ ಆಲ್ಫಾಮಾ ಎಂಬ ಹಳೇ ಕೇರಿಯಲ್ಲಿ, ಕಲ್ಲಿನ ಮೆಟ್ಟಿಲ ಮೇಲೆ. ನನಗಿಂತ ನಾಲ್ಕು ಮೆಟ್ಟಿಲು ಕೆಳಗಿದ್ದರು. ಬಿದ್ದ ಸದ್ದೇ ನನಗೆ ಕೇಳಲಿಲ್ಲ. ಅವರ ಕೈಯಲ್ಲಿದ್ದ ನೀರಿನ ಬಾಟಲಿ ಟಣಟಣ ಎಂದು ಉರುಳುತ್ತಾ ಹೋದದ್ದು ಕೇಳಿತು.

"ಏನಾತ್ರೀ?" ಎಂದು ಓಡಿದೆ.

"ಏನಿಲ್ಲ, ಕಾಲು ಉಳುಕೇತಿ ಅಷ್ಟ."

ಆದರೆ ಮುಖ ಬಿಳಿಚಿಕೊಂಡಿತ್ತು. ನೋಡ್ತಾ ನೋಡ್ತಾ ಬಲಗಾಲಿನ ಹರಡು ಊದಿ ನಿಂಬೆಹಣ್ಣಿನಷ್ಟಾಯಿತು.

ಧಾರವಾಡದಿಂದ ಹೊರಟಾಗ ಎಷ್ಟೊಂದು ಹುರುಪಿತ್ತು! ಮದುವೆಯಾಗಿ 25 ವರ್ಷ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ಎಲ್ಲರೂ ಪ್ಯಾರಿಸ್‌ಗೆ ಹೋಗಿ ಅಂದರು. ನಮ್ಮವರು ಮಾತ್ರ ಲಿಸ್ಬನ್ ಎಂದೇ ಪಟ್ಟು ಹಿಡಿದರು. ನಮಗೆ ಗೋವಾ ಪಕ್ಕದ ಮನೆಯಿದ್ದ ಹಾಗೆ. ಹಳೇ ಗೋವಾದ ಚರ್ಚುಗಳನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. 1510ರಿಂದ 1961ರವರೆಗೆ ಅಲ್ಲಿ ಆಳಿದ ಪೋರ್ಚುಗೀಸರ ರಾಜಧಾನಿ ಹೇಗಿದೆ ಅಂತ ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವುದು ಅವರ ಬಹಳ ದಿನದ ಆಸೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಮುಂಬೈ, ಅಲ್ಲಿಂದ ದುಬೈ ಮೇಲೆ ಲಿಸ್ಬನ್. ಲೈನ್ ಬಜಾರದ ಪೇಡೆ ಒಯ್ಯಲಿಲ್ಲ. ಹಾಲಿನ ತಿನಿಸನ್ನು ನಮ್ಮ ಕಡೆಯಿಂದ ಯುರೋಪಿನೊಳಗೆ ತರುವ ಹಾಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆ.

ಮೊದಲ ಎರಡು ದಿನ ಚೆನ್ನಾಗಿಯೇ ಕಳೆದವು. ನದಿದಂಡೆಯ ಬೆಲೇಮ್ ಎಂಬ ಕೇರಿಯಲ್ಲಿರುವ ಜೆರೋನಿಮೋಸ್ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮಾನ ಸಮಾಧಿ ನೋಡಿದೆವು. 1497ರ ಜುಲೈನಲ್ಲಿ ಅವನ ಹಡಗುಗಳು ಹೊರಟದ್ದು ಅಲ್ಲಿಯ ದಂಡೆಯಿಂದಲೇ. 28ನೇ ನಂಬರಿನ ಹಳದಿ ಟ್ರಾಮಿನಲ್ಲಿ ಸರಳು ಹಿಡಿದು ನಿಂತೇ ಗುಡ್ಡ ಹತ್ತಿದೆವು.

ಆ ಊರಿನ ಕಲ್ಲುಹಾಸಿನ ಬಗ್ಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಫುಟ್‌ಪಾತಿನ ತುಂಬ ಮುಷ್ಟಿಯಷ್ಟು ಗಾತ್ರದ ಬಿಳಿ ಸುಣ್ಣದಕಲ್ಲು. ನಡುನಡುವೆ ಕರಿಕಲ್ಲಿನ ಅಲೆ, ಬಳ್ಳಿ, ನಕ್ಷತ್ರ. ಒಂದೊಂದನ್ನೂ ಸುತ್ತಿಗೆಯಿಂದ ಕೈಯಲ್ಲೇ ಒಡೆದು ಕೂಡಿಸುತ್ತಾರೆ. ರೋಸಿಯೋ ಚೌಕದ ಅಲೆಯ ಚಿತ್ತಾರ 1840ರ ದಶಕದ್ದು. ನೋಡಲು ಅಷ್ಟು ಚೆಂದ. ಆದರೆ ಜನ ನಡೆದೂ ನಡೆದೂ ಕಲ್ಲು ಸವೆದು ಗಾಜಿನ ಹಾಗೆ ನುಣ್ಣಗಾಗಿದೆ. ಒಣಗಿದ್ದಾಗಲೇ ಕಾಲು ಜಾರುತ್ತದೆ, ಅವತ್ತು ಸಣ್ಣಗೆ ಹನಿ ಬೇರೆ ಬಿದ್ದಿತ್ತು. ನಮ್ಮವರ ಬೂಟಿನ ಅಡಿ ಸವೆದಿತ್ತು. ಹೊಸದು ಕೊಳ್ಳಿ ಅಂದಿದ್ದೆ, ಜೋರು ಮಾಡಿ ಹೇಳಲಿಲ್ಲ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ಕಿಟಕಿಯಿಂದ ನೋಡುತ್ತಿದ್ದ ಹೆಂಗಸೊಬ್ಬಳು 112ಕ್ಕೆ ಫೋನ್ ಮಾಡಿದಳು. ಯುರೋಪಿನಲ್ಲಿ ಯಾವ ದೇಶಕ್ಕೆ ಹೋದರೂ ಈ ನಂಬರ್ ನೆನಪಿಡಿ. ಆಂಬುಲೆನ್ಸಿನಲ್ಲಿ ಬಂದವರು ಅಗ್ನಿಶಾಮಕ ದಳದವರು. ಅಲ್ಲಿ ಆ ಕೆಲಸವನ್ನೂ ಅವರೇ ಮಾಡುತ್ತಾರೆ. ಗಾಡಿ ಓಣಿಯೊಳಗೆ ಬರುವುದು ಸಾಧ್ಯವೇ ಇರಲಿಲ್ಲ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಣ್ಣ ಓಣಿ. ಇಬ್ಬರು ಹುಡುಗರು ಇವರನ್ನು ಒಂದು ಕುರ್ಚಿಗೆ ಬಿಗಿದು, ಅರವತ್ತೋ ಎಪ್ಪತ್ತೋ ಮೆಟ್ಟಿಲು ಹೊತ್ತುಕೊಂಡೇ ಇಳಿದರು. ನಾನು ಹಿಂದೆ ಬೂಟು ಕೈಯಲ್ಲಿ ಹಿಡಿದು ಇಳಿದೆ.

ಆಸ್ಪತ್ರೆಯಲ್ಲಿ ಮೊದಲು ಕೈಗೆ ಬಣ್ಣದ ಪಟ್ಟಿ ಕಟ್ಟಿದರು. ಕೆಂಪು ಪಟ್ಟಿಯವರಿಗೆ ತಕ್ಷಣ ಚಿಕಿತ್ಸೆ. ಆಮೇಲೆ ಕಿತ್ತಳೆ, ಹಳದಿ, ಹಸಿರು, ನೀಲಿ. ನಮ್ಮದು ಹಳದಿ. ಯಾರ ವಶೀಲಿಯೂ ಇಲ್ಲ, ಯಾರೂ ಮುಂದೆ ನುಗ್ಗುವುದೂ ಇಲ್ಲ. ಕಾಯುವಾಗ ಭಯ ಜಾಸ್ತಿಯಾಗಿ ನನಗೆ ಅಳು ಬಂತು. ವಯಸ್ಸಾದ ನರ್ಸ್ ಒಬ್ಬಳು ಬಂದು ನನ್ನನ್ನು ಕೂರಿಸಿ, "ಮೇಝ" ಎಂದು ಪಕ್ಕಕ್ಕೆ ಕೈ ತೋರಿಸಿ, ಅದರ ಮೇಲೆ ನೀರಿಟ್ಟಳು. ಮೇಝ ಅಂದರೆ ನಮ್ಮ ಮೇಜು! ನಾನು ಕಣ್ಣೊರೆಸಿಕೊಂಡು "ಚಾವಿ?" ಎಂದೆ. ಅವಳು ಕೀಲಿಕೈ ತಿರುಗಿಸುವ ಹಾಗೆ ಕೈಮಾಡಿ "ಶಾವ್!" ಎಂದಳು. ಆಮೇಲೆ ಬಟಾಟೆ, ಬಾಲ್ದಿ, ಅನಾನಸ್ ಎಲ್ಲ ಬಂದವು. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ. ಗೋವಾ ಘಟ್ಟ ಹತ್ತಿ ನಮ್ಮ ಅಡುಗೆಮನೆ ಸೇರಿದ್ದ ಆ ನಾಲ್ಕಾರು ಪದಗಳು ಆ ರಾತ್ರಿ ನನಗೆ ಕೊಟ್ಟ ಧೈರ್ಯ ದೊಡ್ಡದು.

ಎಕ್ಸ್‌ರೇಯಲ್ಲಿ ಹೊರಬದಿಯ ಸಣ್ಣ ಎಲುಬಿನ ತುದಿ ಸೀಳಿರುವುದು ಕಂಡಿತು. ಎಲುಬು ಜಾಗ ಬಿಟ್ಟಿರಲಿಲ್ಲ, ಹಾಗಾಗಿ ಆಪರೇಷನ್ ಬೇಡ ಅಂದರು. ಮೊಣಕಾಲಿನ ಕೆಳಗೆ ಪ್ಲಾಸ್ಟರ್, ಎರಡು ಊರುಗೋಲು, ಕಾಲು ನೆಲಕ್ಕೆ ಊರುವ ಹಾಗಿಲ್ಲ. ಜೊತೆಗೆ ದಿನಕ್ಕೊಂದು ಇಂಜೆಕ್ಷನ್. ಕಾಲು ಆಡಿಸದೆ ಇದ್ದರೆ ರಕ್ತ ಹೆಪ್ಪುಗಟ್ಟಬಹುದು, ಮೇಲೆ ಉದ್ದದ ವಿಮಾನ ಪ್ರಯಾಣ ಬೇರೆ ಇತ್ತು. ಆ ಇಂಜೆಕ್ಷನ್ ನಾನೇ ಕೊಡಬೇಕಿತ್ತು. ನರ್ಸ್ ಕೈಹಿಡಿದು ಕಲಿಸಿದಳು. ಹೊಕ್ಕಳಿನಿಂದ ಮೂರು ಬೆರಳು ದೂರ, ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು, ಸೂಜಿ ನೆಟ್ಟಗೆ ಒಳಗೆ. ಸಿರಿಂಜಿನಲ್ಲಿರುವ ಪುಟ್ಟ ಗಾಳಿಗುಳ್ಳೆಯನ್ನು ಹೊರಗೆ ಬಿಡಬಾರದು. ಮರುದಿನ ಬೆಳಿಗ್ಗೆ ನನ್ನ ಕೈ ನಡುಗುತ್ತಿತ್ತು. ಇವರು ಕಣ್ಣು ಮುಚ್ಚಿ "ಚುಚ್ಚು" ಎಂದರು. ಚುಚ್ಚಿದೆ. 25 ವರ್ಷದಲ್ಲಿ ಅವರು ನನ್ನನ್ನು ಅಷ್ಟು ನಂಬಿದ್ದನ್ನು ನಾನು ನೋಡಿರಲಿಲ್ಲ.

ಪೋರ್ಟೊ, ಸಿಂತ್ರಾ ಊರುಗಳಿಗೆ ಹೋಗುವುದು ಎರಡೂ ರದ್ದಾದವು. ನಾವಿದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮನೆಯ ಒಡತಿ ಅದೇ ಓಣಿಯಲ್ಲಿ ನೆಲಮಟ್ಟದ ಒಂದು ಕೋಣೆ ಬಿಟ್ಟುಕೊಟ್ಟಳು. ಉಳಿದ ದಿನಗಳೆಲ್ಲ ಆ ಕೋಣೆಯ ಕಿಟಕಿಯಲ್ಲೇ. 1755ರ ನವೆಂಬರ್ 1ರ ಭೂಕಂಪದಲ್ಲಿ ಊರಿನ ಬಹುಪಾಲು ನೆಲಕಚ್ಚಿದಾಗ ಹೆಚ್ಚು ಉಳಿದುಕೊಂಡದ್ದು ಈ ಆಲ್ಫಾಮಾ. ಅದಕ್ಕೇ ಓಣಿಗಳು ಇನ್ನೂ ಹಳೇ ಕಾಲದ ಹಾಗೆ ಅಂಕುಡೊಂಕು. ಎದುರುಮನೆಯಲ್ಲಿ ಒಬ್ಬ ಅಜ್ಜಿ. ಬೆಳಿಗ್ಗೆ ಎಂಟಕ್ಕೆ ಕಿಟಕಿಗೆ ಒಂದು ದಿಂಬು ಇಟ್ಟು, ಅದರ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದಳು. ನಮ್ಮ ಕಟ್ಟೆಗೆ ಕೂಡುವ ಅಜ್ಜಿಯರ ಹಾಗೆಯೇ. ಮೊದಲ ದಿನ ಸೂಪು ಕಳಿಸಿದಳು. ನಾನು ಹೋಳಿಗೆ ಕೊಟ್ಟೆ. ಮೂಸಿ ನೋಡಿ, ಮುರಿದು, ಪೂರ್ತಿ ತಿಂದಳು.

ಅವು ಸಂತ ಅಂತೋನಿಯ ಹಬ್ಬದ ದಿನಗಳು. ಅವನು ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಜೂನ್ 13 ಅವನ ದಿನ, ಹಿಂದಿನ ರಾತ್ರಿಯೇ ಊರೆಲ್ಲ ಜಾಗರಣೆ. ಹುಡುಗರು ಓಣಿಯ ಆಚೆ ಈಚೆ ಬಣ್ಣದ ಕಾಗದದ ಪರಪರಿ ಕಟ್ಟಿದರು. ಬಾಗಿಲು ಬಾಗಿಲಿಗೂ ಇದ್ದಿಲ ಒಲೆ, ಮೇಲೆ ಸಾರ್ಡೀನ್ ಮೀನು. ನಾವು ಮೀನು ತಿನ್ನುವವರಲ್ಲ, ಆದರೂ ಯಾರೂ ನಮ್ಮನ್ನು ಬಿಡಲಿಲ್ಲ. ಬ್ರೆಡ್ಡು, ಸುಟ್ಟ ಮೆಣಸಿನಕಾಯಿ ಕಿಟಕಿಯೊಳಗೇ ಚಾಚಿ ಕೊಟ್ಟರು. ಅಜ್ಜಿ ಒಂದು ಸಣ್ಣ ಕುಂಡ ತಂದಿಟ್ಟಳು. ಚೆಂಡಿನ ಹಾಗೆ ಗುಂಡಗೆ ಬೆಳೆದ ಗಿಡ, ಅದಕ್ಕೆ ಚುಚ್ಚಿದ ಒಂದು ಕಾಗದದ ಹೂ, ಒಂದು ಚೀಟಿಯಲ್ಲಿ ಪದ್ಯ. ಆ ಗಿಡಕ್ಕೆ ಮಂಜೆರಿಕೊ ಅನ್ನುತ್ತಾರಂತೆ. ನಾನು ಬಗ್ಗಿ ಮೂಸಲು ಹೋದೆ. ಅಜ್ಜಿ "ನಾವ್, ನಾವ್!" ಎಂದು, ಅಂದರೆ ಬೇಡ ಬೇಡ ಎಂದು, ತಡೆದಳು. ಮೂಗು ತಾಗಿಸಿದರೆ ಗಿಡ ಬಾಡುತ್ತದಂತೆ. ಅಂಗೈಯನ್ನು ಎಲೆಯ ಮೇಲೆ ಮೆಲ್ಲಗೆ ಸವರಿ, ಆ ಅಂಗೈಯನ್ನು ನನ್ನ ಮೂಗಿಗೆ ಹಿಡಿದಳು. ಥೇಟ್ ನಮ್ಮ ಕಾಮಕಸ್ತೂರಿ. ಇಷ್ಟು ದಿನ ಅಳದ ನಮ್ಮವರು ಆಗ ಅತ್ತರು. ಅವರ ತಾಯಿಯ ಹಿತ್ತಲಿನಲ್ಲಿ ಅದೇ ಗಿಡವಿತ್ತು. ಅವತ್ತೇ ಮಗಳು ಫೋನ್ ಮಾಡಿ ಧಾರವಾಡದಲ್ಲಿ ಮಿರಗದ ಮಳೆ ಹಿಡಿದಿದೆ ಎಂದಳು. ಫೋನಿನಲ್ಲಿ ಮಳೆಯ ಸದ್ದು ಕೇಳಿಸಿಕೊಂಡು ಕೂತೆವು.

ಹೋಗುವವರಿಗೆ ಎರಡು ಮಾತು ಹೇಳಲೇಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನಾವು ಅದನ್ನು ವೀಸಾಕ್ಕೆ ಬೇಕಾದ ಕಾಗದ ಎಂದಷ್ಟೇ ತಿಳಿದಿದ್ದೆವು. ಸಹಾಯವಾಣಿಯ ನಂಬರನ್ನು ಹೊರಡುವ ಮೊದಲೇ ಮೊಬೈಲಿನಲ್ಲಿ ಹಾಕಿಕೊಳ್ಳಿ, ಆಸ್ಪತ್ರೆ ಸೇರಿದ ಕೂಡಲೇ ಅವರಿಗೆ ತಿಳಿಸಿ, ಔಷಧದ ಚೀಟಿಯನ್ನೂ ಬಿಸಾಡಬೇಡಿ. ಹೊಸ ಪ್ಲಾಸ್ಟರ್ ಇದ್ದರೆ ಮೊದಲ 48 ಗಂಟೆ ಸಾಮಾನ್ಯವಾಗಿ ವಿಮಾನ ಹತ್ತಿಸುವುದಿಲ್ಲ, ಹತ್ತಿಸಿದರೂ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿರಬೇಕು. ಒಳಗೆ ಕಾಲು ಊದಿಕೊಳ್ಳುತ್ತದಲ್ವಾ, ಅದಕ್ಕೆ. ಗಾಲಿಕುರ್ಚಿ ಬೇಕೆಂದು ಎರಡು ದಿನ ಮೊದಲೇ ಹೇಳಿದರೆ ಪುಕ್ಕಟೆಯಾಗಿ ಸಿಗುತ್ತದೆ.

14ರ ಬೆಳಿಗ್ಗೆ ಹೊರಟೆವು. ಕುಂಡವನ್ನು ಅಜ್ಜಿಯ ಕಿಟಕಿಯಲ್ಲೇ ಇಟ್ಟೆ. ಅವಳು ಪೆನ್ನು ತಂದು, ಬಗ್ಗಿ, ಪ್ಲಾಸ್ಟರಿನ ಮೇಲೆ ಏನೋ ಬರೆದಳು. ಬೇಗ ಗುಣವಾಗಲಿ ಎಂದರ್ಥವಂತೆ, ಟ್ಯಾಕ್ಸಿಯವನು ಹೇಳಿದ.

ಜುಲೈನಲ್ಲಿ ಧಾರವಾಡದಲ್ಲಿ ಪ್ಲಾಸ್ಟರ್ ತೆಗೆಸಿದೆವು. ಆ ಬರಹದ ಮೇಲೆ ಯಂತ್ರ ಹಾಯಿಸಬೇಡಿ ಎಂದು ನಮ್ಮವರು ಕೇಳಿಕೊಂಡರು. ಡಾಕ್ಟರು ಪಕ್ಕದಿಂದ ಕತ್ತರಿಸಿದರು. ಅಂಗೈ ಅಗಲದ ಆ ತುಂಡು ಈಗ ಅಲಮಾರಿಯಲ್ಲಿದೆ, ನಮ್ಮ ಪಾಸ್‌ಪೋರ್ಟುಗಳ ಪಕ್ಕ.