ಗೆರೆ ಎಳೆಯಬೇಕಾದ್ದು ಸಣ್ಣ ಪದಕ್ಕೆ

ಇಂಗ್ಲಿಷ್ ಕಲಿಯುತ್ತಿರುವವರ ಪುಸ್ತಕ ಬಿಡಿಸಿ ನೋಡಿ. ಪೆನ್ಸಿಲ್ ಗೆರೆಯೆಲ್ಲ ಉದ್ದುದ್ದ ಪದಗಳ ಕೆಳಗೇ ಇರುತ್ತದೆ: ‘ಇಮ್ಮಿಡಿಯೇಟ್ಲಿ’, ‘ನೆಸೆಸರಿ’, ‘ಕನ್ವೀನಿಯೆಂಟ್’. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಕನ್ನಡ ಅರ್ಥ. ‘ಅಟ್’, ‘ದ’, ‘ಫ್ರಮ್’, ‘ಹ್ಯಾಸ್’ ಇವುಗಳ ಕೆಳಗೆ ಗೆರೆಯೇ ಇಲ್ಲ, ಯಾಕೆಂದರೆ ಅವು ‘ಗೊತ್ತು’. ಬಾಯಿ ತೆರೆದು ಮಾತಾಡಲು ಹೋದಾಗ ಕಾಲಿಗೆ ತೊಡರುವುದು ಮಾತ್ರ ಈ ಗೊತ್ತಿರುವ ಪದಗಳೇ.

ದಿನನಿತ್ಯದ ಬದುಕಿನ ಪುಟ್ಟ ಬರಹಗಳನ್ನು ಓದಿ ಅಭ್ಯಾಸ ಮಾಡಿ ಅನ್ನುವುದು ಇದೇ ಕಾರಣಕ್ಕೆ. ಬಸ್ ತಪ್ಪಿದ್ದು, ಗ್ಯಾಸ್ ಮುಗಿದದ್ದು, ಮಗುವಿಗೆ ಜ್ವರ ಬಂದದ್ದು, ಇವುಗಳಲ್ಲಿ ವಿಷಯ ಅರ್ಥ ಮಾಡಿಕೊಳ್ಳುವ ಕಷ್ಟವೇ ಇಲ್ಲ. ತಲೆ ಖಾಲಿ ಇರುತ್ತದೆ. ಇಂಗ್ಲಿಷಿನವರು ಅದನ್ನು ಹೇಗೆ ಹೇಳಿದರು ಎಂದು ನೋಡಲು ಪುರುಸೊತ್ತು ಸಿಗುತ್ತದೆ. ಷೇರು ಮಾರುಕಟ್ಟೆಯ ಲೇಖನ ಹಿಡಿದು ಕೂತರೆ ಆ ಪುರುಸೊತ್ತು ಸಿಗುವುದಿಲ್ಲ, ವಿಷಯ ಹಿಡಿಯುವುದರಲ್ಲೇ ಸುಸ್ತು.

ಎಂಥ ಬರಹ ಆರಿಸಬೇಕು? 80ರಿಂದ 150 ಪದ, ಒಂದು ವಾಕ್ಯಕ್ಕೆ ಎಂಟರಿಂದ ಹನ್ನೆರಡು ಪದ. ನೂರು ಪದದಲ್ಲಿ ಗೊತ್ತಿಲ್ಲದ್ದು ಎರಡು ಇದ್ದರೆ ಸರಿ. ಯಾರ ಸಹಾಯವೂ ಇಲ್ಲದೆ ಓದಿಕೊಳ್ಳಲು ಶೇಕಡಾ 98ರಷ್ಟು ಪದ ಗೊತ್ತಿರಬೇಕು ಎಂದು ಪದಸಂಪತ್ತಿನ ಬಗ್ಗೆ ಸಂಶೋಧನೆ ಮಾಡಿದ ಪಾಲ್ ನೇಶನ್ ಮೊದಲಾದವರು ಹೇಳುತ್ತಾರೆ. ನಿಘಂಟು ಪಕ್ಕದಲ್ಲಿದ್ದರೆ ಐದರವರೆಗೂ ನಡೆಯುತ್ತದೆ. ಹತ್ತು ದಾಟಿತೆಂದರೆ ಪುಟ ತಿರುಗಿಸಿ, ಅದು ಆರು ತಿಂಗಳ ಮೇಲೆ ಓದುವಂಥದ್ದು. ‘ಇಷ್ಟು ಸುಲಭದ್ದು ಓದಿ ಏನು ಬರುತ್ತದೆ’ ಎಂಬ ಬಿಗುಮಾನ ಬೇಡ. ಅಮೆರಿಕದ ರೇಡಿಯೊ ಸಂಸ್ಥೆ ವಾಯ್ಸ್ ಆಫ್ ಅಮೆರಿಕಾ 1959ರಲ್ಲಿ ಶುರುಮಾಡಿದ ‘ಸ್ಪೆಷಲ್ ಇಂಗ್ಲಿಷ್’ ಪ್ರಸಾರ ಸುಮಾರು 1500 ಪದಗಳಲ್ಲೇ ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿತ್ತು. ಮನೆಯ ಸುದ್ದಿಗೆ ಅಷ್ಟೂ ಬೇಕಾಗುವುದಿಲ್ಲ.

ಬರಹ ಎಲ್ಲಿ ಸಿಗುತ್ತದೆ ಎನ್ನುವವರಿಗೆ: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಹಂತದ ಪ್ರಕಾರ ಉಚಿತವಾಗಿವೆ, ಎಷ್ಟೋ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ. ಮಕ್ಕಳದ್ದೆಂದು ನಾಚಿಕೊಳ್ಳಬೇಡಿ, ಎರಡು ಮತ್ತು ಮೂರನೇ ಹಂತದವು ದೊಡ್ಡವರ ಅಭ್ಯಾಸಕ್ಕೂ ಸರಿಯಾಗಿ ಹೊಂದುತ್ತವೆ. ಮನೆಗೇ ಬರುವ ಇಂಗ್ಲಿಷ್ ಕೂಡ ಇದೆ: ಮಾತ್ರೆಯ ಸ್ಟ್ರಿಪ್, ಪ್ಯಾಕೆಟ್ಟಿನ ಹಿಂಬದಿ, ಬ್ಯಾಂಕಿನ ಮೆಸೇಜು. ಇವನ್ನು ಓದಿ, ಆದರೆ ಇವುಗಳಿಂದ ವ್ಯಾಕರಣ ಕಲಿಯಬೇಡಿ. ‘ಶೇಕ್ ವೆಲ್ ಬಿಫೋರ್ ಯೂಸ್’ ಎಂಬಲ್ಲಿ ಏನನ್ನು ಅಲ್ಲಾಡಿಸಬೇಕು ಎಂಬುದೇ ಇಲ್ಲ. ಜಾಗ ಉಳಿಸಲು ‘ಎ’, ‘ದ’, ‘ಇಸ್’ ಎಲ್ಲವನ್ನೂ ಕತ್ತರಿಸಿರುತ್ತಾರೆ. ಪೇಪರಿನ ಹೆಡ್‌ಲೈನೂ ಹಾಗೆಯೇ, ನಿನ್ನೆ ನಡೆದದ್ದನ್ನು ಇವತ್ತು ನಡೆಯುತ್ತಿದೆ ಎಂಬಂತೆ ಬರೆಯುತ್ತಾರೆ. ಅದನ್ನೇ ಮಾದರಿ ಮಾಡಿಕೊಂಡವರ ಮಾತು ಟೆಲಿಗ್ರಾಂ ಥರ ಕೇಳಿಸುತ್ತದೆ.

ಈಗ ನಾಲ್ಕು ಸಾಲಿನ ಒಂದು ತುಣುಕು ತೆಗೆದುಕೊಳ್ಳೋಣ. ಓದುವ ಅನುಕೂಲಕ್ಕೆ ಇಲ್ಲಿ ಕನ್ನಡ ಲಿಪಿಯಲ್ಲಿದೆ. ನಿಮ್ಮ ನೋಟ್‌ಬುಕ್ಕಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

“ಲತಾ ಗಾಟ್ ಅಪ್ ಅಟ್ ಸಿಕ್ಸ್, ಮೇಡ್ ಕಾಫಿ ಅಂಡ್ ವೋಕ್ ದ ಚಿಲ್ಡ್ರನ್. ದೇರ್ ವಾಸ್ ನೋ ಪವರ್, ಸೋ ಶಿ ಕುಡ್ ನಾಟ್ ಯೂಸ್ ದ ಮಿಕ್ಸಿ. ಶಿ ಬಾರೋಡ್ ಸಮ್ ಚಟ್ನಿ ಫ್ರಮ್ ದ ವುಮನ್ ನೆಕ್ಸ್ಟ್ ಡೋರ್. ದ ಪವರ್ ಕೇಮ್ ಬ್ಯಾಕ್ ಆಸ್ ಸೂನ್ ಆಸ್ ದೇ ಫಿನಿಷ್ಟ್ ಬ್ರೇಕ್‌ಫಾಸ್ಟ್.”

ಗೊತ್ತಿಲ್ಲದ ಪದ ಯಾವುದೂ ಇಲ್ಲ. ಹಾಗಾದರೆ ಪುಸ್ತಕ ಮುಚ್ಚಿ ಇದನ್ನೇ ಹೇಳಿ ನೋಡಿ. ಹೆಚ್ಚಿನವರ ಬಾಯಲ್ಲಿ ಬರುವುದು: ‘ಲತಾ ಗೆಟ್ಟಿಂಗ್ ಅಪ್ ಸಿಕ್ಸ್ ಓ ಕ್ಲಾಕ್, ಮೇಕಿಂಗ್ ಕಾಫಿ, ವೋಕ್ ಚಿಲ್ಡ್ರನ್. ಕರೆಂಟ್ ವಾಸ್ ನಾಟ್ ದೇರ್.’ ಇದು ದಡ್ಡತನವಲ್ಲ, ಒಳಗೆ ಕೂತ ಕನ್ನಡ ಮಾತಾಡುತ್ತಿದೆ ಅಷ್ಟೆ. ‘ಎದ್ದು, ಕಾಫಿ ಮಾಡಿ, ಮಕ್ಕಳನ್ನು ಎಬ್ಬಿಸಿದಳು’ ಎನ್ನುವಾಗ ನಮ್ಮಲ್ಲಿ ಕಾಲ ಹೇಳುವ ಕೆಲಸ ಕೊನೆಯ ಕ್ರಿಯಾಪದಕ್ಕೆ ಮಾತ್ರ. ‘ಎದ್ದು’, ‘ಮಾಡಿ’ ಎರಡೂ ಅದರ ಹೆಗಲ ಮೇಲೆ ಕೂತು ಹೋಗುತ್ತವೆ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಇಲ್ಲ, ಗಾಟ್, ಮೇಡ್, ವೋಕ್ ಮೂರೂ ಬೇರೆ ಬೇರೆಯಾಗಿ ಭೂತಕಾಲದ ಬಟ್ಟೆ ಹಾಕಿಕೊಳ್ಳಬೇಕು. ಆದ್ದರಿಂದ ಓದುವಾಗ ಕನ್ನಡದ ‘ಮಾಡಿ, ಹೋಗಿ, ತಿಂದು’ ಎಲ್ಲೆಲ್ಲಿ ಅಡಗಿವೆಯೋ ಅಲ್ಲೆಲ್ಲ ಇಂಗ್ಲಿಷ್ ಕ್ರಿಯಾಪದಕ್ಕೆ ಗೆರೆ ಎಳೆಯಿರಿ.

‘ದೇರ್ ವಾಸ್ ನೋ ಪವರ್’ ಎಂಬುದನ್ನು ಇಡಿಯಾಗಿ ಕಲಿಯಬೇಕು. ‘ಹಾಲಿಲ್ಲ’, ‘ನೀರಿಲ್ಲ’, ‘ಚಿಲ್ಲರೆ ಇಲ್ಲ’ ಎಲ್ಲಕ್ಕೂ ಇದೇ ಅಚ್ಚು: ದೇರ್ ಇಸ್ ನೋ ಮಿಲ್ಕ್, ದೇರ್ ಇಸ್ ನೋ ವಾಟರ್, ದೇರ್ ಇಸ್ ನೋ ಚೇಂಜ್.

‘ಫ್ರಮ್’ ನೋಡಿ. ಲತಾ ಚಟ್ನಿಯನ್ನು ಪಕ್ಕದ ಮನೆಯವರ ‘ಹತ್ತಿರ’ ಇಸ್ಕೊಂಡಳು. ಆ ‘ಹತ್ತಿರ’ ಎಷ್ಟೋ ಜನರನ್ನು ‘ನಿಯರ್’ಗೆ ಎಳೆದುಕೊಂಡು ಹೋಗುತ್ತದೆ. ಚಟ್ನಿ ಬಂದದ್ದು ಅವರಿಂದ, ಹಾಗಾಗಿ ಫ್ರಮ್. ಕೊಟ್ಟವರ ಕಡೆಯಿಂದ ಹೇಳಿದರೆ ಬಾರೋ ಅಲ್ಲ, ಲೆಂಡ್. ಇಸ್ಕೊಳ್ಳುವುದು ಬಾರೋ, ಕೊಡುವುದು ಲೆಂಡ್. ವಾಪಸು ಬರುವ ವಸ್ತುವಿಗೆ ಎರಡೂ. ಚಟ್ನಿ ವಾಪಸು ಬರುತ್ತದೆಯೇ ಎಂಬುದು ನೆರೆಹೊರೆಗೆ ಬಿಟ್ಟ ವಿಚಾರ.

ಎಲ್ಲಕ್ಕಿಂತ ದೊಡ್ಡ ಕಾಟ ‘ದ’. ಕನ್ನಡದಲ್ಲಿ ಅದಕ್ಕೆ ನೇರ ಸಾಟಿ ಇಲ್ಲ, ಆದರೆ ಒಂದು ಹಿಡಿಕೆ ಇದೆ. ‘ಪುಸ್ತಕ ತಂದೆ’ ಎನ್ನುವುದಕ್ಕೂ ‘ಪುಸ್ತಕವನ್ನು ತಂದೆ’ ಎನ್ನುವುದಕ್ಕೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದಲ್ಲ? ಮೊದಲನೆಯದು ಯಾವುದೋ ಪುಸ್ತಕ, ಎರಡನೆಯದು ನಮ್ಮಿಬ್ಬರಿಗೂ ಗೊತ್ತಿರುವ ಆ ಪುಸ್ತಕ. ವಸ್ತುಗಳ ಮಟ್ಟಿಗೆ ‘ಅನ್ನು’ ಅಥವಾ ‘ಆ’ ಸೇರಿಸಬೇಕು ಅನ್ನಿಸಿದ ಕಡೆ ಬಹಳ ಸಲ ‘ದ’ ಬರುತ್ತದೆ. ವ್ಯಕ್ತಿಗಳಿಗೆ ಈ ಉಪಾಯ ಅಷ್ಟು ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಲ್ಲಿ ನಾವು ‘ಅನ್ನು’ ಹೇಗೂ ಹಾಕುತ್ತೇವೆ. ವಾಕ್ಯದ ಮೊದಲಲ್ಲಿ ಬರುವ ಕರ್ತೃಪದಕ್ಕೂ ಇದು ಹೊಂದುವುದಿಲ್ಲ. ಅಲ್ಲಿ ‘ಯಾವುದು ಅಂತ ಕೇಳುವವನಿಗೆ ಗೊತ್ತಾ?’ ಎಂದು ಕೇಳಿಕೊಳ್ಳಿ. ತುಣುಕಿನಲ್ಲಿ ಮೊದಲ ಸಲ ಬರೀ ‘ಪವರ್’, ಕೊನೆಗೆ ‘ದ ಪವರ್’. ಹೋಗಿದ್ದ ಕರೆಂಟೇ ವಾಪಸು ಬಂದದ್ದು.

ಇನ್ನು ‘ಅಟ್ ಸಿಕ್ಸ್’. ಆರು ಗಂಟೆ‘ಗೆ’. ಕನ್ನಡದ ಈ ‘ಗೆ’ ಎಂಬ ಒಂದು ಅಕ್ಷರ ಇಂಗ್ಲಿಷಿಗೆ ಹೋದಾಗ ಎಷ್ಟು ವೇಷ ಹಾಕುತ್ತದೆ ನೋಡಿ. ಮೈಸೂರಿಗೆ ಹೋದೆ: ಟು. ಆರು ಗಂಟೆಗೆ ಎದ್ದೆ: ಅಟ್. ಮಗುವಿಗೆ ಶರ್ಟ್ ತಂದೆ: ಫಾರ್. ದಿನಕ್ಕೆ ಎರಡು ಮಾತ್ರೆ: ಟೂ ಟ್ಯಾಬ್ಲೆಟ್ಸ್ ಎ ಡೇ, ಬರೀ ‘ಎ’. ಮನೆಗೆ ಹೋದೆ: ವೆಂಟ್ ಹೋಮ್, ಏನೂ ಇಲ್ಲ. ಅವಳಿಗೆ ಹೇಳಿದೆ: ಟೋಲ್ಡ್ ಹರ್, ಇಲ್ಲೂ ಏನೂ ಇಲ್ಲ, ‘ಟೋಲ್ಡ್ ಟು ಹರ್’ ತಪ್ಪು, ಆದರೆ ‘ಸೆಡ್’ ಬಳಸಿದರೆ ಮಾತ್ರ ‘ಟು’ ಬೇಕು. ನನಗೆ ಜ್ವರ: ಐ ಹ್ಯಾವ್ ಎ ಫೀವರ್. ನನಗೆ ಗೊತ್ತು: ಐ ನೋ. ಇಲ್ಲಿ ‘ನನಗೆ’ ಹೋಗಿ ‘ನಾನು’ ಆಯಿತು. ನೋಟ್‌ಬುಕ್ಕಿನಲ್ಲಿ ಎರಡು ಪುಟ ‘ಗೆ’ಗೇ ಮೀಸಲಿಡಿ. ಓದಿದ ಪ್ರತಿ ತುಣುಕಿನಿಂದಲೂ ‘ಗೆ’, ‘ಕ್ಕೆ’ ಬರುವ ವಾಕ್ಯಗಳನ್ನು ಹೆಕ್ಕಿ ಅಲ್ಲಿಗೆ ಸೇರಿಸಿ. ಇಪ್ಪತ್ತು ತುಣುಕು ಮುಗಿಯುವಷ್ಟರಲ್ಲಿ, ಯಾವ ವ್ಯಾಕರಣ ಪುಸ್ತಕವೂ ಕನ್ನಡದವರಿಗೆಂದೇ ಮಾಡಿಕೊಡದ ಪಟ್ಟಿ ನಿಮ್ಮದೇ ಕೈಬರಹದಲ್ಲಿರುತ್ತದೆ.

ಒಂದು ತುಣುಕಿಗೆ ನಾಲ್ಕು ದಿನ ಕೊಡಿ, ದಿನಕ್ಕೆ ಹದಿನೈದು ನಿಮಿಷ. ದಿನಕ್ಕೊಂದು ಹೊಸ ಬರಹ ಓದಿದರೆ ಓದಿದ ಸಮಾಧಾನ ಬರುತ್ತದೆ, ಭಾಷೆ ಬರುವುದು ನಿಧಾನ. ಮೊದಲ ದಿನ ನಿಘಂಟು ಮುಟ್ಟದೆ ಎರಡು ಸಲ ಮನಸ್ಸಿನಲ್ಲೇ ಓದಿ, ಏನಾಯಿತೆಂದು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಆಮೇಲೆ ಗೆರೆ, ಆಮೇಲೆ ನಿಘಂಟು.

ಎರಡನೇ ದಿನ ಬಾಯಿಗೆ ಕೆಲಸ. ಇಲ್ಲಿ ಮೈಕೆಲ್ ವೆಸ್ಟ್ ಹೇಳಿದ ವಿಧಾನದಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಕೆಲಸ ಮಾಡುತ್ತ ಬಂಗಾಳದ ಮಕ್ಕಳಿಗಾಗಿ ಇಂಗ್ಲಿಷ್ ವಾಚಕಗಳನ್ನು ಬರೆದವರು ಅವರು; 1953ರಲ್ಲಿ ಬಂದ ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿಯೂ ಅವರದೇ. ವಿಧಾನ ಇಷ್ಟೆ: ಒಂದು ತುಂಡು ಕಣ್ಣಿನಿಂದ ಓದಿ, ತಲೆ ಎತ್ತಿ, ಎದುರಿಗೆ ಯಾರೋ ಇದ್ದಾರೆ ಎಂಬಂತೆ ನೋಡುತ್ತ ಅದನ್ನು ಹೇಳಿ. ಕಣ್ಣು ಪುಟದ ಮೇಲಿರುವಾಗ ಬಾಯಿ ತೆರೆಯಬಾರದು. ಮೊದಲು ನಾಲ್ಕು ಪದ, ಆಮೇಲೆ ಎಂಟು, ಆಮೇಲೆ ಪೂರ್ತಿ ವಾಕ್ಯ. ಪುಟ ನೋಡಿಕೊಂಡೇ ಗಟ್ಟಿಯಾಗಿ ಓದುವುದು ಸುಲಭ, ಏಕೆಂದರೆ ಅದರಲ್ಲಿ ತಲೆ ಕೆಲಸವನ್ನೇ ಮಾಡುವುದಿಲ್ಲ. ತಲೆ ಎತ್ತಿದ ಕೂಡಲೇ ‘ಅಟ್’, ‘ದ’ ಉದುರಿಹೋಗುತ್ತವೆ, ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುತ್ತದೆ.

ಅದೇ ದಿನ ಮೊಬೈಲಿನಲ್ಲಿ ಒಂದು ಸಲ ರೆಕಾರ್ಡ್ ಮಾಡಿ. ಈ ನಾಲ್ಕು ವಾಕ್ಯಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡು ಸಾಕು. ಹತ್ತೇ ಸೆಕೆಂಡಿನಲ್ಲಿ ಮುಗಿದರೆ ಪದಗಳನ್ನು ನುಂಗುತ್ತಿದ್ದೀರಿ. ಕೇಳುವಾಗ ಮೂರು ವಿಷಯ ಗಮನಿಸಿ. ಒಂದು, ಪದದ ಕೊನೆಗೆ ‘ಉ’ ಅಂಟಿದೆಯೇ. ಬಸ್ಸು, ಕಾರು ಕನ್ನಡಕ್ಕೆ ಚೆಂದ, ಇಂಗ್ಲಿಷಿನಲ್ಲಿ ಬೇಡ. ಎರಡು, ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುವ ನಮ್ಮ ನಾಲಿಗೆ ಎಗ್ ಅನ್ನು ಯೆಗ್, ಓನ್ಲಿಯನ್ನು ವೋನ್ಲಿ ಮಾಡಿದೆಯೇ. ಮೂರು, ಭೂತಕಾಲದ ಕೊನೆಯ ‘ಇ, ಡಿ’. ಬರೆಯುವುದು ಒಂದೇ ಥರ, ಉಚ್ಚಾರ ಮೂರು ಥರ: ಫಿನಿಷ್ಟ್, ವಾಕ್ಟ್, ಕುಕ್ಟ್ ಇವುಗಳಲ್ಲಿ ‘ಟ್’, ಬಾರೋಡ್, ಓಪನ್ಡ್ ಇವುಗಳಲ್ಲಿ ‘ಡ್’, ವಾಂಟಿಡ್, ನೀಡಿಡ್ ಹೀಗೆ ಮೂಲ ಪದವೇ ‘ಟ್’ ಅಥವಾ ‘ಡ್’ನಲ್ಲಿ ಮುಗಿದಿದ್ದರೆ ಮಾತ್ರ ‘ಇಡ್’. ‘ವಾಕೆಡ್’, ‘ಕುಕ್ಕೆಡ್’ ಬರುವುದು ಅಕ್ಷರ ಇದ್ದಂತೆ ಓದುವ ಕನ್ನಡದ ಅಭ್ಯಾಸದಿಂದ. ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವವರಲ್ಲಿ ಇದು ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಮೊದಲ ಸಲ ತಪ್ಪಾಗಿ ಬರೆದದ್ದನ್ನೇ ನೂರು ಸಲ ಓದುತ್ತಾರೆ.

ಮೂರನೇ ದಿನ ಪುಸ್ತಕ ಮುಚ್ಚಿ ತುಣುಕನ್ನು ಕನ್ನಡಕ್ಕೆ ತನ್ನಿ. ಗ್ರಂಥಸ್ಥ ಕನ್ನಡ ಬೇಡ, ಮನೆಯಲ್ಲಿ ಆಡುವಂತೆ: ‘ಲತಾ ಆರಕ್ಕೆ ಎದ್ದು ಕಾಫಿ ಮಾಡಿ ಮಕ್ಕಳನ್ನ ಎಬ್ಬಿಸಿದ್ಳು. ಕರೆಂಟ್ ಇರಲಿಲ್ಲ, ಮಿಕ್ಸಿ ಹಾಕೋಕಾಗಲಿಲ್ಲ. ಪಕ್ಕದ ಮನೆಯವರ ಹತ್ರ ಸ್ವಲ್ಪ ಚಟ್ನಿ ಇಸ್ಕೊಂಡ್ಳು. ತಿಂಡಿ ತಿಂದು ಮುಗಿಸಿದ್ದೇ ತಡ ಕರೆಂಟ್ ಬಂತು.’ ಒಂದು ಗಂಟೆ ಬಿಟ್ಟು ಈ ಕನ್ನಡವನ್ನು ಮಾತ್ರ ನೋಡಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ, ಆಮೇಲೆ ಮೂಲದ ಪಕ್ಕ ಇಟ್ಟು ಕೆಂಪು ಪೆನ್ನಿನಲ್ಲಿ ತಿದ್ದಿ. ಕೊನೆಯ ವಾಕ್ಯದಲ್ಲಿ ಬಹಳ ಜನ ಮುಗ್ಗರಿಸುತ್ತಾರೆ: ಕನ್ನಡದಲ್ಲಿ ತಿಂಡಿ ಮೊದಲು, ಕರೆಂಟ್ ಆಮೇಲೆ, ಇಂಗ್ಲಿಷ್ ತುಣುಕಿನಲ್ಲಿ ಅದು ತಿರುಗುಮುರುಗು. ‘ಮುಗಿಸಿದ್ದೇ ತಡ’ಕ್ಕೆ ‘ಲೇಟ್’ ಹುಡುಕಿಕೊಂಡು ಹೋದರೆ ಮುಗಿಯಿತು ಕಥೆ. ತಿದ್ದುವ ಈ ಕೆಲಸವನ್ನು ಅನುವಾದದ ಆಪ್‌ಗೆ ಒಪ್ಪಿಸಬೇಡಿ. ಉತ್ತರ ಸರಿಯಾಗಿಯೇ ಬರಬಹುದು, ಆದರೆ ತಪ್ಪು ಎಲ್ಲಾಯಿತು ಎಂದು ನಿಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ನಾಲ್ಕನೇ ದಿನವನ್ನು ಮೂರು ದಿನ ಬಿಟ್ಟು ಇಟ್ಟುಕೊಂಡರೆ ಒಳ್ಳೆಯದು, ಅರ್ಧ ಮರೆತದ್ದನ್ನು ಎಳೆದು ತಂದಾಗಲೇ ಅದು ಗಟ್ಟಿಯಾಗುವುದು. ಆ ದಿನ ತುಣುಕನ್ನು ತಿರುಗಿಸಿ. ಲತಾ ಬದಲು ‘ಐ’. ನಿನ್ನೆಯ ಬದಲು ‘ಎವ್ರಿ ಡೇ’. ಆಗ ಗೆಟ್ಸ್, ಮೇಕ್ಸ್, ವೇಕ್ಸ್ ಎಂದು ಮೂರಕ್ಕೂ ‘ಸ್’ ಸೇರಬೇಕು, ಲತಾ ಎಂದಾಗ ಮಾತ್ರ, ‘ಐ’ಗೆ ಬೇಡ. ಮತ್ತೆ ‘ಟುಮಾರೋ’. ‘ನಾಳೆ ಬರ್ತೀನಿ’, ‘ದಿನಾ ಬರ್ತೀನಿ’ ಎರಡಕ್ಕೂ ನಮಗೆ ಒಂದೇ ರೂಪ ಸಾಕು. ಅದಕ್ಕೇ ‘ಟುಮಾರೋ ಐ ಕಮ್’ ಅಷ್ಟು ಸಲೀಸಾಗಿ ಬಂದುಬಿಡುತ್ತದೆ. ‘ಐ ವಿಲ್ ಕಮ್’ ಎಂದು ಹತ್ತು ಸಲ ಬೇರೆ ಬೇರೆ ಕ್ರಿಯಾಪದ ಹಾಕಿ ಹೇಳಿ.

ಮುಂದಿನ ತುಣುಕು ಆರಿಸುವಾಗ ದೂರ ಹೋಗಬೇಡಿ. ಅಡುಗೆಮನೆಯಿಂದ ನೇರ ವಿಮಾನ ನಿಲ್ದಾಣಕ್ಕೆ ಹಾರಿದರೆ ಬಾರೋ, ಪವರ್, ‘ಆಸ್ ಸೂನ್ ಆಸ್’ ಮತ್ತೆ ಕಾಣಿಸುವುದು ಯಾವಾಗಲೋ. ಲತಾಳ ಮನೆಯಲ್ಲೇ ಇರಿ. ಕರೆಂಟ್ ಬಂದರೂ ಮಿಕ್ಸಿ ತಿರುಗಲಿಲ್ಲ ಎಂದಿಟ್ಟುಕೊಳ್ಳಿ: “ದ ಪವರ್ ಕೇಮ್ ಬ್ಯಾಕ್, ಬಟ್ ದ ಮಿಕ್ಸಿ ಡಿಡ್ ನಾಟ್ ಸ್ಟಾರ್ಟ್. ಲತಾ ಟುಕ್ ಇಟ್ ಟು ಎ ರಿಪೇರ್ ಶಾಪ್ ಅಟ್ ಟೆನ್.” ‘ಅಂಗಡಿಗೆ’, ‘ಹತ್ತಕ್ಕೆ’: ಎರಡು ‘ಗೆ’, ಒಂದಕ್ಕೆ ‘ಟು’, ಇನ್ನೊಂದಕ್ಕೆ ‘ಅಟ್’. ಮಿಕ್ಸಿಗೆ ‘ದ’, ಅಂಗಡಿಗೆ ಮಾತ್ರ ‘ಎ’ ಯಾಕೆ ಬಂತು ಎಂದು ಅಂಚಿನಲ್ಲಿ ಬರೆದುಕೊಂಡು ಮೂರನೇ ವಾಕ್ಯ ನೀವೇ ಮುಂದುವರಿಸಿ.