ಅಡಿಸ್ ಅಬಾಬಾಕ್ಕೆ ಹೋಗುವ ಕೊಡಗಿನವರಿಗೆ

ನಮ್ಮ ಕಡೆಯ ಕಾಫಿ ತೋಟದವರು ಯಾರಾದರೂ ಆಫ್ರಿಕಾಕ್ಕೆ ಹೊರಟರೆ ನಾನು ಹೇಳುವುದು ಇಷ್ಟೇ, ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಸುಮ್ನೆ ವಿಮಾನ ಬದಲಿಸಿ ಹೋಗಬೇಡಿ, ಎರಡು ದಿನವಾದರೂ ಇರಿ. ಅರೇಬಿಕಾ ಕಾಫಿ ಹುಟ್ಟಿದ ದೇಶ ಅಲ್ವಾ! ಹಸಿ ಬೀಜವನ್ನು ನಿಮ್ಮೆದುರೇ ಹುರಿದು, ಆ ಘಮವನ್ನು ನಿಮ್ಮ ಮೂಗಿನ ಹತ್ತಿರ ತಂದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಕೊಡುತ್ತಾರೆ. ಮೂರು ಸುತ್ತು ಇರುತ್ತದೆ. ಒಂದಕ್ಕೇ ಎದ್ದು ಬರಬೇಡಿ. ಅಷ್ಟು ಹೊತ್ತು ಇಲ್ಲದಿದ್ದರೆ 1953ರಲ್ಲಿ ಶುರುವಾದ ಟೊಮೊಕಾ ಎಂಬ ಕಾಫಿ ಅಂಗಡಿ ಇದೆ, ಅಲ್ಲಿ ನಿಂತೇ ಒಂದು ಕಪ್ ಕುಡಿಯಿರಿ.

ಊಟಕ್ಕೆ ಇಂಜೆರಾ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡುವ ದೊಡ್ಡ ದೋಸೆ, ಅದರ ಮೇಲೇ ಬೇಳೆ, ಸೊಪ್ಪು, ಮಾಂಸ ಬಡಿಸುತ್ತಾರೆ. ಎಲ್ಲರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಾರೆ, ಬಲಗೈಯಲ್ಲಿ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ, ಅಂದರೆ ಮಾಂಸ, ಹಾಲು ಮುಟ್ಟುವುದಿಲ್ಲ, ಹಾಗಾಗಿ ಸಸ್ಯಾಹಾರಿಗಳಿಗೆ ಆ ದಿನಗಳಲ್ಲಿ ಊಟ ಬಲು ಚೆನ್ನಾಗಿ ಸಿಗುತ್ತದೆ. ಪಂದಿ ಮಾತ್ರ ಹುಡುಕಬೇಡಿ, ಅವರು ತಿನ್ನುವುದಿಲ್ಲ.

ನೋಡಲು ಮೊದಲು ನ್ಯಾಷನಲ್ ಮ್ಯೂಸಿಯಂ. 1974ರಲ್ಲಿ ಸಿಕ್ಕಿದ, ಸುಮಾರು 32 ಲಕ್ಷ ವರ್ಷ ಹಳೆಯ, ಲೂಸಿ ಎಂದು ಹೆಸರಿಟ್ಟ ಆದಿಮಾನವ ಹೆಣ್ಣಿನ ಅಸ್ಥಿಪಂಜರದ ಪ್ರತಿಕೃತಿ ಅಲ್ಲಿದೆ. ಎಷ್ಟು ಪುಟ್ಟ ಜೀವ ಅಂತ ಆಶ್ಚರ್ಯವಾಗುತ್ತದೆ. ಆಮೇಲೆ ನೀಲಗಿರಿ ಮರಗಳಿರುವ ಎಂಟೊಟೊ ಬೆಟ್ಟ. ಊರೇ ಮಡಿಕೇರಿಯ ಎರಡರಷ್ಟು ಎತ್ತರದಲ್ಲಿದೆ, ಬೆಟ್ಟ ಇನ್ನೂ ಜಾಸ್ತಿ, ನಿಧಾನ ಹತ್ತಿ, ಸ್ವೆಟರ್ ಬೇಕೇ ಬೇಕು. ಮೆರ್ಕಾಟೊ ಸಂತೆಯಲ್ಲಿ ಜೇಬು ಜೋಪಾನ.

ಇನ್ನೊಂದು ಮಾತು. ಅಲ್ಲಿನವರು ಬೆಳಿಗ್ಗೆ 7 ಗಂಟೆಯನ್ನು 1 ಗಂಟೆ ಅಂತಾರೆ. ಟ್ಯಾಕ್ಸಿ ಹೇಳುವಾಗ ಯಾವ ಲೆಕ್ಕದ ಗಂಟೆ ಅಂತ ಕೇಳಿಕೊಳ್ಳಿ.